ಗಿಡ್ಡ ಗೇರಿನ ಗತ್ತು

ಬ್ರೂಕ್‌ಫೀಲ್ಡಿನಿಂದ ಹೂಡಿಗೆ ಕಾರಿನಲ್ಲಿ ಹೋಗುವವರು ಒಂದು, ಎರಡನೆಯ ಗೇರುಗಳನ್ನು ಬಿಟ್ಟು ಉಳಿದವನ್ನು ಮುಟ್ಟುವುದು ಅಪರೂಪ; ಐದನೆಯದಂತೂ ಮನೆಯ ಬೆಳ್ಳಿತಟ್ಟೆಯ ಹಾಗೆ, ಇದೆಯೆಂಬ ಸಮಾಧಾನಕ್ಕಷ್ಟೇ ಇರುವಂಥದು. ಇಂಥ ರಸ್ತೆಯಲ್ಲಿ ದಿನವೂ ತೆವಳುವ ನನಗೆ, ನನ್ನ ಹಳೆಯ ಕಾರಿನ ಗೇರ್ ಲಿವರು ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗಲು ವಿಪರೀತ ದೂರ ಕ್ರಮಿಸುತ್ತಿದೆ ಎಂಬ ಜ್ಞಾನೋದಯವಾದದ್ದು, ಸಿಗ್ನಲ್ಲಿನಲ್ಲಿ ನಿಂತು ಕಾರುಪ್ರಿಯರ ವಿಡಿಯೊ ನೋಡುತ್ತಿದ್ದಾಗ. ಕಾರು ಕದಲದಿದ್ದರೂ ಚಿಂತೆಯಿಲ್ಲ, ಲಿವರು ಮಾತ್ರ ಚಕಚಕನೆ ಕದಲಬೇಕು! ಅದಕ್ಕೆಂದೇ ‘ಶಾರ್ಟ್ ಶಿಫ್ಟರ್’ ಎಂಬ ಉಪಕರಣವುಂಟು. ಹಾಕಿಸಿದರೆ ಗೇಣುದ್ದದ ಎಳೆದಾಟ ನಾಲ್ಕು ಬೆರಳಿಗೆ ಇಳಿಯುತ್ತದಂತೆ.

ಅದನ್ನು ಕೂರಿಸುವ ಮುನಿರಾಜು ಎಂಬ ಮೆಕ್ಯಾನಿಕ್ ಪೀಣ್ಯದಲ್ಲಿ ಸಿಕ್ಕರು. ಹುಚ್ಚಿನಲ್ಲಿ ಅವರು ನನಗಿಂತ ಏನೂ ಕಡಿಮೆಯಿಲ್ಲ. ಹಳೆಯ ಲಿವರು ಬಿಚ್ಚಿ, ಹೊಸದನ್ನು ಕೂರಿಸಿ, ಅದರ ಕೇಬಲ್ಲನ್ನು ತಂಬೂರಿಯ ಶ್ರುತಿ ಹಿಡಿದಂತೆ ಬಿಗಿಮಾಡುತ್ತ, “ಇನ್ನೂ ಟೈಟ್ ಮಾಡ್ಲಾ ಸಾರ್?” ಎಂದರು.

“ಮಾಡಿ.”

“ಬೇರೆ ಯಾರಾದ್ರೂ ಓಡಿಸ್ತಾರಾ? ಹೊಸಬ್ರಿಗೆ ಕೈ ಕೂರಲ್ಲ.”

“ಇಲ್ಲ, ನಾನೊಬ್ನೇ,” ಎಂದುಬಿಟ್ಟೆ. ನನ್ನ ಹೆಂಡತಿ ಸುಮಾ, ವರ್ಷಗಳ ಭಯವನ್ನು ಗೆದ್ದು, ಆಗಷ್ಟೇ ಇದೇ ಕಾರಿನಲ್ಲಿ ಆಫೀಸಿಗೆ ಹೋಗತೊಡಗಿದ್ದಳು. ಆ ಮಾತು ನೆನಪಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಇಬ್ಬರು ವೇಗಾಸಕ್ತರು ಸಮಾಲೋಚನೆಯಲ್ಲಿರುವಾಗ ಸಂಸಾರದ ವಿಷಯ ತೆಗೆಯುವುದು ಗತ್ತಿಗೆ ಕುಂದೆಂದು ತೋರಿತು.

ವಾರವೆಲ್ಲ ಬೀಗಿದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನೆರೆಹೊರೆಯವರನ್ನು ಕರೆದು ಕೂರಿಸಿ, ಇಂಜಿನ್ನು ಆರಿಸಿದ ಕಾರಿನಲ್ಲೇ ಗೇರು ಹಾಕಿಸಿದೆ; ಅವರು ಬೇರೆಯವರ ಕೂಸನ್ನು ಎತ್ತಿಕೊಂಡವರಂತೆ ಹೊಗಳಿ, ಬೇಗನೆ ಇಳಿದುಹೋದರು. ಸೋಮವಾರ ಸುಮಾ ಹೊರಟಾಗ, “ಈಗ ಇನ್ನೂ ಸಲೀಸು” ಎಂದು ಭರವಸೆ ಕೊಟ್ಟು ಕಳಿಸಿದೆ.

ಮೇಲ್ಸೇತುವೆಯ ಏರಿನಲ್ಲಿ ವಾಹನಗಳು ನಿಂತವು. ಮತ್ತೆ ಹೊರಡುವಾಗ ಅವಳು ಒಂದನೆಯದೆಂದುಕೊಂಡು ಹಾಕಿದ್ದು, ಪಕ್ಕಕ್ಕೇ ಅಂಟಿಕೊಂಡಿದ್ದ ಮೂರನೆಯದು. ಕಾರು ಆಫ್ ಆಯಿತು. ಮತ್ತೆ ಹಾಕಿದಳು, ಮತ್ತೆ ಆಫ್. ಹಿಂದಿನಿಂದ ಹಾರನ್ನುಗಳ ಮಂಗಳವಾದ್ಯ, ಆಟೋದವನೊಬ್ಬ, “ಅಕ್ಕಾ, ಬರ್ದಿದ್ರೆ ಯಾಕ್ ತರ್ತೀರಾ ಗಾಡಿನಾ!” ಎಂದನಂತೆ.

ಸಂಜೆ ಅವಳು ಕೀಲಿಯನ್ನು ನನ್ನ ಮುಂದಿಟ್ಟಳು. “ನನ್ ಕೈಲಿ ಆಗಲ್ಲ ರೀ. ಇನ್ಮೇಲೆ ಓಡ್ಸಲ್ಲ.”

ಸುಮ್ಮನಿದ್ದರೆ ಕಾರೂ ನನ್ನದು, ಶಿಫ್ಟರೂ ನನ್ನದು. ಆದರೆ ಅವಳ ಕಣ್ಣು ಕೆಂಪಾಗಿತ್ತು. “ತಪ್ಪು ನಿಂದಲ್ಲ ಸುಮಾ, ಆ ಲಿವರ್‌ದು. ನಿನ್ನ ಕೇಳದೆ ಹಾಕ್ಸಿದ್ ನಂದು,” ಎಂದೆ.

ಶನಿವಾರ, ಹಳೆಯ ಲಿವರನ್ನೇ ಮತ್ತೆ ಹಾಕಿಸಲು ಇಬ್ಬರೂ ಪೀಣ್ಯಕ್ಕೆ ಹೋದೆವು. ಮುನಿರಾಜು ನೊಂದುಕೊಂಡರು. “ಯಾಕ್ ಸಾರ್, ಸಕ್ಕತ್ತಾಗಿ ಕೂತಿತ್ತಲ್ಲ?”

“ನಾನೂ ಓಡಿಸ್ತೀನಿ,” ಎಂದಳು ಸುಮಾ. ಅವರು ನನ್ನನ್ನೊಮ್ಮೆ ನೋಡಿ ಸ್ಪಾನರ್ ಎತ್ತಿಕೊಂಡರು.

ಹಿಂತಿರುಗುವಾಗ ಅವಳೇ ಚಾಲಕಿ. ಏರಿನಲ್ಲಿ ವಾಹನಗಳು ನಿಂತವು; ಹಿಂದೆ ಹಾರನ್ನು ಶುರುವಾಯಿತು. ಪಕ್ಕದಲ್ಲಿ ಕೂತಿದ್ದ ನನ್ನ ಬಲಗೈ, ಉಪಕಾರಬುದ್ಧಿಯಿಂದ, ತಾನಾಗಿ ಲಿವರಿನತ್ತ ಹೊರಟಿತು.

“ಕೈ ತೆಗೀರಿ,” ಎಂದಳು.

ತೆಗೆದೆ. ಲಿವರು ತನ್ನ ಅಷ್ಟೂ ದೂರವನ್ನು ನಿಧಾನವಾಗಿ ಕ್ರಮಿಸಿ ಒಂದನೆಯ ಗೇರಿಗೆ ಬಿತ್ತು, ಕಾರು ಏರು ಹತ್ತಿತು.