ದನಿ ಹಿಡಿಯುವ ಪೆಟ್ಟಿಗೆ

ಸೋರಿದ ಸೆಲ್ಲಿನ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಹುಳಿಯೂ ಅಲ್ಲ, ಕಮಟೂ ಅಲ್ಲ, ಮೂಗಿನ ತುದಿಯಲ್ಲಿ ಕೂತು ಏಳಲು ಒಲ್ಲೆ ಎನ್ನುವಂಥದ್ದು. ಹೋದ ತಿಂಗಳು ನಮ್ಮ ಮಗ್ಗುಲ ಮನೆಯ ಕಾಕಾನ ಮಗಳು ಚಡಚಣದಿಂದ ಬಂದು ಒಂದು ಚರ್ಮದ ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು. "ಇದನ್ನ ನೀವ ಇಟ್ಕೋರಿ ವೈನಿ. ನನ್ನ ಕೈಲೆ ಒಗಿಯಾಕೂ ಆಗವಲ್ದು, ಕೇಳಾಕೂ ಆಗವಲ್ದು" ಎಂದಳು. ಚೀಲದ ಗುಂಡಿ ಬಿಚ್ಚಿದ್ದೇ ತಡ, ಆ ವಾಸನೆ. ಅದರ ಬೆನ್ನಿಗೇ ಕಾಕಾ... ತೆಳ್ಳನೆಯ ಮೀಸೆ, ಕೈಯಲ್ಲಿ ಅಡಕೊತ್ತು, ಬಾಯಲ್ಲಿ ಲೋಕದ ಜ್ಞಾನವೆಲ್ಲ.

ಅವನು ತೀರಿಕೊಂಡು ಬಹಳ ವರ್ಷಗಳಾದವು. ಹಿರಿಯರನ್ನು, ಅದರಲ್ಲೂ ಸತ್ತವರನ್ನು, 'ಅವನು' ಎಂದು ಬರೆಯಬಾರದು, ಗೊತ್ತು. ಬೇಕೆಂದೇ ಬರೆಯುತ್ತಿದ್ದೇನೆ.

ನಾನು ಇಂಡಿಯಿಂದ ಸಿಂದಗಿಗೆ ಸೊಸೆಯಾಗಿ ಬಂದಾಗ ಕಾಕಾ ಬಜಾರಿನಲ್ಲಿ ಅಡತಿ ಅಂಗಡಿ ಇಟ್ಟಿದ್ದ. ತೊಗರಿ, ಜೋಳದ ವ್ಯಾಪಾರ. ಮುಷ್ಟಿಯಲ್ಲಿ ಕಾಳು ಹಿಡಿದು ಇದು ಯಾವ ಹೊಲದ್ದು ಎಂದು ಹೇಳುತ್ತಾನೆ ಅಂತ ಊರೆಲ್ಲ ಅವನನ್ನು ಶ್ಯಾಣ್ಯಾ ಅನ್ನುತ್ತಿತ್ತು. ಕಾಳಿನ ಮಟ್ಟಿಗೆ ಇದ್ದರೂ ಇರಬಹುದು. ಆದರೆ ಒಂದು ಕಡೆ ಶ್ಯಾಣ್ಯಾ ಆದವನು ಎಲ್ಲಾ ಕಡೆಗೂ ಶ್ಯಾಣ್ಯಾನೇ ಎಂದು ಅವನ ತಲೆಯಲ್ಲಿ ಹೊಕ್ಕಿತ್ತು ನೋಡಿ, ಅದಕ್ಕೆ ಮದ್ದಿಲ್ಲ.

ಆ ವರ್ಷಗಳಲ್ಲಿ ಅವನಿಗೆ ಹಿಡಿದ ಹುಚ್ಚೆಂದರೆ ಕೈಯಲ್ಲಿ ಹಿಡಿದು ಓಡಾಡುವ ಹಾಡಿನ ಪೆಟ್ಟಿಗೆ. ಕೊಳ್ಳುವ ಹುಚ್ಚಲ್ಲ, ಆರಿಸುವ ಹುಚ್ಚು. ಬಸವನ ಬಾಗೇವಾಡಿಯಲ್ಲಿ ಯಾರೋ ಹೊಸ ಟ್ರಾನ್ಸಿಸ್ಟರ್ ತಂದರು ಎಂದು ಕಿವಿಗೆ ಬಿದ್ದರೆ ಸಾಕು, ಅಂಗಡಿ ಗುಮಾಸ್ತನಿಗೆ ಬಿಟ್ಟು ಬಸ್ಸು ಹತ್ತುತ್ತಿದ್ದ. ಕರೆಯದವರ ಮನೆಯ ಕಟ್ಟೆಯ ಮೇಲೆ ಕೂತು, ಅವರ ಚಹಾ ಕುಡಿದು, ಅವರ ಟ್ರಾನ್ಸಿಸ್ಟರಿನ ತಪ್ಪುಗಳನ್ನು ಅವರಿಗೇ ಹೇಳಿ ಬರುತ್ತಿದ್ದ. ಮುದ್ದೇಬಿಹಾಳದ ಒಂದು ಮದುವೆಯಲ್ಲಿ ಸೂಟ್‌ಕೇಸಿನಂತೆ ಮುಚ್ಚುವ ಬ್ಯಾಟರಿ ಗ್ರಾಮಫೋನು ನೋಡಿ ಬಂದವನು ತಿಂಗಳುಗಟ್ಟಲೆ ಅದನ್ನೇ ಹಾಡಿ ಹೊಗಳಿದ. ಆಮೇಲೆ ಒಂದು ದಿನ, "ಬಿಸಲಿಗೆ ಅದರ ತಾಟು ಹಪ್ಪಳದಂಗ ಡೊಂಕ ಆಗತಾವ, ನಮ್ಮ ಕಡೆಗಲ್ಲದು" ಎಂದು ತಾನೇ ತಳ್ಳಿಹಾಕಿದ. ಟ್ರಾನ್ಸಿಸ್ಟರು ಎಂದರೆ ಎರಡು ಬ್ಯಾಂಡೋ ಮೂರೋ? ಮೂರೆಂದರೆ ಸೆಲ್ಲು ಬೇಗ ತಿನ್ನುವುದಿಲ್ಲವೋ? ಊರ ಚಹಾದಂಗಡಿಯಲ್ಲಿ ಇದೇ ಪುರಾಣ. ಕೇಳುವವರಿಗೂ ಬೇರೆ ಕೆಲಸವಿರಲಿಲ್ಲ.

ಮನೆಯಲ್ಲಿ ಕಾಕಿ ಇದ್ದಳು. ಅವನ ಹೆಂಡತಿ. ಸೋಬಾನೆ ಪದ, ಬೀಸುವ ಪದ, ತೊಟ್ಟಿಲ ಪದ, ಕಾಕಿಗೆ ಬಾರದ ಪದವಿರಲಿಲ್ಲ. ದೇವರ ಹಿಪ್ಪರಗಿಯಿಂದ, ಮನಗೂಳಿಯಿಂದ ಮದುವೆಯ ಮನೆಯವರು ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಅಂಥ ದನಿ ನಾನು ಮತ್ತೆ ಕೇಳಲಿಲ್ಲ. ಆದರೆ ನಾನು ನೋಡುನೋಡುತ್ತಲೇ ಅವಳಿಗೆ ದಮ್ಮು ಹತ್ತಿತು. ಅಂಗಳ ದಾಟಿ ನಮ್ಮ ಮನೆಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು.

ಹೀಗಿರುವಾಗ ಚಡಚಣಕ್ಕೆ ಕೊಟ್ಟ ಮಗಳು ಬಸುರಿಯಾದಳು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಊರ ಬಾಯೆಲ್ಲ ಬಂಜೆ ಎಂದಾಡಿ ಮುಗಿದ ಮೇಲೆ. ತಾಯಿಗೆ ದಮ್ಮು ಎಂದು ಬಾಣಂತನ ಗಂಡನ ಮನೆಯಲ್ಲೇ ಆಗಬೇಕೆಂದು ಠರಾವಾಯಿತು. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಮೊದಲ ಪದ ತವರಿನವರದು. ಕಾಕಿ ಬಸ್ಸಿನಲ್ಲಿ ಅಷ್ಟು ದೂರ ಹೋಗುವ ಮಾತೇ ಇಲ್ಲ. ಆಗ ಅವಳೊಂದು ಮಾತು ಕೇಳಿದಳು, ಜನ್ಮದಲ್ಲಿ ಗಂಡನನ್ನು ಕೇಳಿದ್ದು ಅದೊಂದೇ.

"ಮಂದಿ ಹಾಡ ಕೇಳೂ ಪೆಟಗಿ ನನಗ ಬ್ಯಾಡ್ರಿ. ದನಿ ಹಿಡಿಯೂ ಪೆಟಗಿ ಬಂದಾವಂತ. ಅದನ್ನ ತರ್ರಿ. ನನ್ನ ಪದ ಆದರೂ ಚಡಚಣಕ್ಕ ಹೋಗ್ಲಿ."

"ಏ, ಟೇಪು ಅಂದ್ರ ಹುಡುಗಾಟ ಅಲ್ಲ. ನಿನಗೇನ ತಿಳಿತೈತಿ, ಸುಮ್ಕಿರು. ನಾ ಇನ್ನಾ ಪರೀಕ್ಷಾ ಮಾಡಾಕತ್ತೇನಿ" ಎಂದ ಮಹಾರಾಯ.

ಪರೀಕ್ಷೆ! ಹೆಂಡತಿಯ ಉಸಿರು ದಿನಕ್ಕಿಷ್ಟು ಕಡಿಮೆಯಾಗುತ್ತಿತ್ತು, ಇವನು ಸೊಲ್ಲಾಪುರದ್ದು ಒಳ್ಳೆಯದೋ ವಿಜಾಪುರದ್ದೋ ಎಂದು ವಿಚಾರ ಮಾಡುತ್ತಿದ್ದ. ಆಷಾಢದಲ್ಲಿ ಕೊಳ್ಳಬಾರದು, ಶ್ರಾವಣದಲ್ಲಿ ಅಂಗಡಿಯವರು ಮೋಸ ಮಾಡುತ್ತಾರೆ, ಅಮಾವಾಸ್ಯೆ ದಾಟಲಿ... ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಆಯಿತು ಅವಳ ಮಾತು. ಕೊನೆಗೆ ಗಂಡು ಕೂಸು ಹುಟ್ಟಿದ ಸುದ್ದಿ ಬಂದ ದಿನ, ನನ್ನೆದುರಿಗೇ ಕಾಕಿ ಅಂದಳು: "ನೀವು ಆರಿಸಿ ಮುಗಸೂದ್ರಾಗ ನನ್ನ ಉಸರ ಮುಗಿತೈತಿ ನೋಡ್ರಿ." ಅವನ ಮುಖ ಕಪ್ಪಿಟ್ಟಿತು. ಮರುದಿನ ವಿಜಾಪುರಕ್ಕೆ ಹೋಗಿ ಟೇಪು ತಂದ.

ತಂದ ಮೇಲಾದರೂ ಸುಮ್ಮನಿದ್ದನೇ? ವಿಭೂತಿ ಎಳೆದು, ಕಾಯಿ ಒಡೆದು, ಓಣಿಗೆಲ್ಲ ಸಕ್ಕರೆ ಹಂಚಿದ. ಕಾಕಿ ಸ್ನಾನ ಮಾಡಿ ಇಳಕಲ್ ಸೀರೆ ಉಟ್ಟು ಅದರ ಮುಂದೆ ಕೂತಳು. ಅವಳು ಹಾಡುವಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಡುನಡುವೆ ಉಸಿರು ಸಿಕ್ಕದೆ ನಿಲ್ಲುತ್ತಿದ್ದಳು, ಮತ್ತೆ ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದಳು. ಕ್ಯಾಸೆಟ್ಟಿನ ಒಂದು ಮಗ್ಗುಲು ತುಂಬುವ ತನಕ ಹಾಡಿದಳು. ಕೊನೆಯ ಪದಕ್ಕೆ ನನಗೆ ಅಳು ತಡೆಯಲಾಗದೆ ಹಿತ್ತಲಿಗೆ ಹೋದೆ.

ಮರುದಿನದಿಂದ ನೋಡುವವರ ಜಾತ್ರೆ. ಬಂದವರಿಗೆಲ್ಲ ಕಾಕಾ ತನ್ನ ಪೆಟ್ಟಿಗೆಯ ಪವಾಡ ತೋರಿಸಬೇಕಲ್ಲ! ಇದ್ದದ್ದು ಅದೊಂದೇ ಕ್ಯಾಸೆಟ್ಟು. ಅದನ್ನು ಹಿಂದಕ್ಕೆ ಸುತ್ತಿ ಮೊದಲಿಗೆ ತರುವುದು, ದನಿ ಹಿಡಿಯುವ ಕೆಂಪು ಗುಂಡಿ ಒತ್ತುವುದು, ಬಂದವರ ಕೈಲಿ "ಹಲೋ, ಹಲೋ" ಅನ್ನಿಸುವುದು. ಕಾಕಿ ಹೆದರಿ, "ನನ್ನ ಪದದ ಮ್ಯಾಲ ಮಂದಿ ಮಾತ ಯಾಕ ಹಾಕತೀರಿ?" ಎಂದು ಕೇಳಿದಳು. ಜೋಳದ ವ್ಯಾಪಾರಿ ನಕ್ಕ.

"ಹುಚ್ಚಿ, ಹಗೇವಿನ್ಯಾಗ ಜ್ವಾಳ ತುಂಬಿದಂಗ ಇದು. ಮ್ಯಾಲ ಹೊಸಾದು ಸುರುವಿದ್ರ ತಳದಾಗಿಂದು ಎಲ್ಲಿ ಹೋಗತೈತಿ? ತಳದಾಗ ಇರತೈತಿ."

ಹಗೇವು ಎಂದರೆ ನೆಲ ಅಗೆದು ಕಾಳು ಹುಗಿದಿಡುವ ಗುಂಡಿ. ಟೇಪೂ ಹಾಗೆಯೇ ಎಂದು ಆ ಪಂಡಿತನ ಲೆಕ್ಕ. ಮೇಲೆ ಹೊಸದು ಹಿಡಿದರೆ ಹಳೆಯದು ಅಳಿಯುತ್ತದೆ ಎಂದು ಅಂಗಡಿಯವನು ಹೇಳಿಕೊಟ್ಟಿರಲಿಕ್ಕೆ ಸಾಕು, ಆದರೆ ಇವನು ಎಂದಾದರೂ ಇನ್ನೊಬ್ಬರ ಮಾತು ಕೇಳಿದ್ದುಂಟೇ? ನಮಗೂ ಯಾರಿಗೂ ಗೊತ್ತಿರಲಿಲ್ಲ. ಮಾರವಾಡಿ ಸೇಠನೊಬ್ಬ ಬಂದ ದಿನವಂತೂ, 'ಪೆಟ್ಟಿಗೆ ಆರಿಸುವ ಬಗೆ' ಎಂದು ಉದ್ದಾನುದ್ದ ಭಾಷಣವನ್ನೇ ಅದರೊಳಗೆ ಬಿಗಿದ.

ಚಡಚಣಕ್ಕೆ ಕಾಕಾನ ಜೊತೆ ನಾನೂ ಹೋದೆ, ಕಾಕಿ ಹೇಳಿ ಕಳಿಸಿದ್ದಳು. ಹೊಸ ತೊಟ್ಟಿಲು, ಮುತ್ತೈದೆಯರು, ಕೂಸನ್ನು ಎತ್ತಿಕೊಂಡು ನಿಂತ ಮಗಳು. "ಅವ್ವನ ಪದ ಬರ್ಲಿ" ಎಂದಳು. ಕಾಕಾ ಗತ್ತಿನಿಂದ ಗುಂಡಿ ಒತ್ತಿದ.

"ಮಂದಿ ಮಾತ ಕೇಳಿ ಮಷೀನ ತಗೋಬಾರದು. ಮೊದಲ ತಿಳಕೋಬೇಕಾದ್ದು ಏನಪಾ ಅಂದ್ರ..."

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮಗಳು ನಗಲಿಲ್ಲ. "ತಡೀರಿ, ತಡೀರಿ, ತಳದಾಗ ಐತಿ" ಎಂದು ಇವನು ಬೆವರುತ್ತಿದ್ದ. ಪೆಟ್ಟಿಗೆ ಬ್ಯಾಂಡು, ಸೆಲ್ಲು, ಸೊಲ್ಲಾಪುರ ಎಂದು ಒದರುತ್ತಲೇ ಇತ್ತು. ಬೀಗಿತ್ತಿ ಎದ್ದು ಬಂದು, "ಸಾಕ ಮಾಡ್ರಿ ಬೀಗರ, ಹೊತ್ತ ಮೀರಾಕತ್ತೈತಿ" ಎಂದು ಬಾಯಿ ಮುಚ್ಚಿಸಿದಳು, ಪೆಟ್ಟಿಗೆಯದೂ ಅವನದೂ. ತವರಿನ ಪದವಿಲ್ಲದೆ ಕೂಸು ತೊಟ್ಟಿಲಿಗೆ ಹೋಯಿತು. ಥೂ ನಿನ್ನ ಶ್ಯಾಣ್ಯಾತನಕ್ಕೆ ಬೆಂಕಿ ಹಾಕಲಿ ಎಂದು ದಾರಿಯುದ್ದಕ್ಕೂ ಬೈದೆ, ಮನಸ್ಸಿನಲ್ಲೇ.

ಮನೆಗೆ ಬಂದು, "ಇನ್ನೊಮ್ಮೆ ಹಾಡ" ಎಂದು ಕಾಕಿಯ ಮುಂದೆ ಕೂತ. "ಉಸರ ಎಲ್ಲೈತ್ರಿ?" ಎಂದಳು ಅವಳು. ಸಿಟ್ಟಿರಲಿಲ್ಲ ಅವಳ ಮಾತಿನಲ್ಲಿ. ಆ ಚಳಿಗಾಲ ದಾಟಲಿಲ್ಲ.

ಅವಳು ಹೋದ ಮೇಲೆ ಇವನದೊಂದು ಹೊಸ ಚಾಳಿ ಶುರುವಾಯಿತು. ಸಂಜೆ ಅಂಗಡಿಯಿಂದ ಬಂದು ಪಡಸಾಲೆಯಲ್ಲಿ ಕೂತು ತನ್ನ ಭಾಷಣವನ್ನು ತಾನೇ ಕೇಳುವುದು! ಗೋಡೆಯಾಚೆ ನಮಗೆಲ್ಲ ಬಾಯಿಪಾಠವಾಗಿತ್ತು. ಹೆಂಡತಿ ಸತ್ತರೂ ಜಂಬ ಸಾಯಲಿಲ್ಲ ನೋಡು ಎಂದು ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವನು ಸಾಯುವವರೆಗೂ ಇದು ನಡೆಯಿತು...

ಈಗ ಆ ಪೆಟ್ಟಿಗೆ ನನ್ನ ಬಳಿ ಇದೆ, ಮಗಳು ತಂದುಕೊಟ್ಟ ಚರ್ಮದ ಚೀಲದಲ್ಲಿ. ಅದು ಓಡುವುದಿಲ್ಲ. ಒಳಗಿದ್ದ ಕ್ಯಾಸೆಟ್ಟನ್ನು ನಮ್ಮ ಮನೆಯ ಟೇಪಿನಲ್ಲಿ ಹಾಕಿದೆ. ಅದೇ ಭಾಷಣ. ಬೈಯುತ್ತಲೇ ಕೇಳಿದೆ. ಮುಗಿಯುವ ಮುಂದೆ ಸೇಠನಿಗೊಂದು ನಮಸ್ಕಾರ ಹೇಳಿ ಟಕ್ ಎಂದು ಭಾಷಣ ನಿಂತಿತು, ಕ್ಯಾಸೆಟ್ಟಿನ ತುದಿ ಮಾತ್ರ ಇನ್ನೂ ತುಸು ಓಡುತ್ತಿತ್ತು. ಇನ್ನೇನು ತೆಗೆಯಬೇಕು, ಒಂದು ಉಸಿರು ಕೇಳಿಸಿತು. ಕಾಕಿ. ಕೊನೆಯ ಪದದ ಕೊನೆಯ ಸಾಲು, ಅಷ್ಟೇ. ಆಮೇಲೆ ಕೆಮ್ಮು. ಆಮೇಲೆ, ನಾನು ಹಿತ್ತಲಿಗೆ ಹೋಗಿದ್ದಾಗ ಅವರಿಬ್ಬರೇ ಆಡಿದ ಮಾತು:

"ಮುಗೀತ್ರಿ. ಖರೇನ ಒಳಗ ಹೋತೇನ್ರಿ ನನ್ನ ದನಿ?"

"ಹೋತು. ಇನ್ನ ಎಲ್ಲೂ ಹೋಗೂದಿಲ್ಲ ತಗೋ."

ತಳದಾಗ ಐತಿ ಎಂದಿದ್ದ ಮುಠ್ಠಾಳ, ಅದೊಂದು ಮಾತ್ರ ಸುಳ್ಳಾಗಲಿಲ್ಲ. ಇಷ್ಟಕ್ಕಾಗಿ ದಿನಾ ಸಂಜೆ ತನ್ನ ಭಾಷಣವನ್ನೆಲ್ಲ ನುಂಗುತ್ತಿದ್ದನೇನೋ. ನಾನಂತೂ ಅವನನ್ನು ಕ್ಷಮಿಸಿಲ್ಲ. ಹಾಡಿದವಳೂ ಇಲ್ಲ, ಅಳಿಸಿದವನೂ ಇಲ್ಲ, ಯಾರನ್ನು ಬೈದು ಏನು ಬಂತು? ಕ್ಯಾಸೆಟ್ಟು ಹಳೆಯದು, ಮುಂದಕ್ಕೆ ಓಡಿಸಿದರೆ ಹರಿದೀತು ಎಂದು ಅಂಜಿಕೆ. ಹಾಗಾಗಿ ಕಾಕಿ ಬೇಕೆನಿಸಿದಾಗಲೆಲ್ಲ ನಾನೂ ಮೊದಲಿನಿಂದ ಕೂತು, ಯಾವ ಪೆಟ್ಟಿಗೆ ಕೊಳ್ಳಬೇಕು ಎಂದು ಅವನು ಹೇಳುವುದನ್ನು ಪೂರ್ತಿ ಕೇಳುತ್ತೇನೆ.