ಹಗೇವಿನ ಅಜ್ಜಿ

ಮೊನ್ನೆ ಹಳಿಯಾಳದ ಸಂತೆಯಲ್ಲಿ ಯಾರೋ ಹಳೇ ಜೋಳದ ಚೀಲ ಬಿಚ್ಚಿದರು. ಮುಗ್ಗಿದ ಹುಳಿ ವಾಸನೆ ಮೂಗಿಗೆ ಬಡಿಯಿತು. ಹಗೇವಿನ ವಾಸನೆ. ಕೊಳ್ಳುವುದು ಮರೆತು ಅಲ್ಲೇ ನಿಂತುಬಿಟ್ಟೆ...

ಸನವಳ್ಳಿಯಲ್ಲಿ ನನ್ನ ಕಾಕಾನ ಅಂಗಳದಲ್ಲಿ ಒಂದು ಹಗೇವು ಇತ್ತು. ನೆಲದೊಳಗೆ ಜೋಳ ತುಂಬಿಡುವ, ಎರಡಾಳು ಆಳದ ಗುಂಡಿ. ಬಾಯಿಗೆ ಚಪ್ಪಡಿ ಕಲ್ಲು. ಕಲ್ಲು ಸರಿಸಿದ ಮೇಲೆ ಕಾಕಾ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಇಳಿಸುತ್ತಿದ್ದ. ಗಾಳಿಯೇ ಇಲ್ಲದ ಮಟಮಟ ಮಧ್ಯಾಹ್ನ, ಅರ್ಧಕ್ಕೆ ಹೋದ ದೀಪ ಯಾರೋ ಊದಿದ ಹಾಗೆ ಆರುತ್ತಿತ್ತು.

"ಅಜ್ಜಿ ಅದಾಳ. ನಾಳೆ ನೋಡೂಣು," ಅನ್ನುತ್ತಿದ್ದ. ಹಗೇವಿನೊಳಗೆ ಕೂತ ಅಜ್ಜಿಯೇ ದೀಪ ಊದುತ್ತಾಳೆ ಎಂದು ಊರಿನ ಕಥೆ. ದೀಪ ತಳದ ತನಕ ಉರಿಯುವವರೆಗೆ ಯಾರನ್ನೂ ಇಳಿಯಗೊಡುತ್ತಿರಲಿಲ್ಲ.

ನಲವತ್ತು ದಾಟಿದ ಮೇಲೆ ನಾನು ಬಿ.ಎ.ಗೆ ಸೇರಿದೆ. ದಾಂಡೇಲಿಯ ಬಂಗೂರನಗರದಲ್ಲಿ ಬಾಡಿಗೆ ಮನೆ, ವಾರವಿಡೀ ಕೆಲಸ, ಭಾನುವಾರ ಪಾಠ. ಊರಿನ ಒಂದು ಕಥೆಯಲ್ಲಿ ವಿಜ್ಞಾನ ಹುಡುಕಿ ಬರೆಯಿರಿ ಎಂದು ಕನ್ನಡದ ಮೇಡಂ ಹೇಳಿದರು. ಅಜ್ಜಿ ಗಿಜ್ಜಿ ಏನಿಲ್ಲ, ಮುಚ್ಚಿಟ್ಟ ಕಾಳಿನಿಂದ ಹುಟ್ಟುವ ಕೆಟ್ಟ ಗಾಳಿಗೆ ದೀಪ ಆರುತ್ತದೆ ಎಂದು ಬರೆದೆ. ಮೇಡಂ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದರು: "ಅಜ್ಜಿಯನ್ನು ತೆಗೆದಿರಿ. ಇನ್ನು ಇಳಿಯುವವರನ್ನು ತಡೆಯುವವರು ಯಾರು?" ನನಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ನಾನು ಬರೆದದ್ದನ್ನು ಕಾಕಾನಿಗೆ ಓದಿ ಹೇಳಿಯಾಗಿತ್ತು.

"ಹಂಗಾರ ಇಷ್ಟ ವರ್ಷ ನಾ ಬರೇ ಗಾಳಿಗೆ ಅಂಜೀನಿ ಅನ್ನು!" ಕಾಕಾ ಹೊಟ್ಟೆ ಹಿಡಿದು ನಕ್ಕ. "ನೀ ಬಿ.ಎ. ಓದಾಂವ, ನಿಂದ ಖರೇ."

"ಒಂದ್ ತಾಸು ತೆರದಿಟ್ರ ಸಾಕು ಕಾಕಾ," ಎಂದೆ. ಒಂದು ತಾಸು ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಬರುವಾಗ, ಒಳಗೆ ಬೆಳಕಿಗೆ ಇರಲಿ ಎಂದು ನನ್ನ ಬ್ಯಾಟರಿಯನ್ನೂ ಕೊಟ್ಟು ಬಂದೆ.

ಮುಂದಿನ ವಾರ ಕಾಕಾ ಒಂದು ತಾಸು ಕಾದ. ದೀಪ ಇಳಿಸಲಿಲ್ಲ. ಬ್ಯಾಟರಿ ಹಿಡಿದು ತಾನೇ ಇಳಿದ. ದೀಪವಾಗಿದ್ದರೆ ಆರುತ್ತಿತ್ತು...

ನಾನು ಹೋಗುವಷ್ಟರಲ್ಲಿ ಹಗ್ಗ, ಕೊಕ್ಕೆ ಹಾಕಿ ಹೆಣ ಮೇಲೆತ್ತಿದ್ದರು. ಬ್ಯಾಟರಿ ಮಾತ್ರ ತಳದಲ್ಲಿ, ಜೋಳದ ಮೇಲೆ, ಉರಿಯುತ್ತಲೇ ಬಿದ್ದಿತ್ತು. ತರಲು ಯಾರೂ ಇಳಿಯಲಿಲ್ಲ. ಹಾಗೆಯೇ ಕಲ್ಲು ಮುಚ್ಚಿದೆವು. ಒಳಗೆ ಎಷ್ಟು ಹೊತ್ತು ಬೆಳಕಿತ್ತೋ...

ಮೊನ್ನೆ ಸಂತೆಯಿಂದ ನೇರ ಸನವಳ್ಳಿಗೆ ಹೋದೆ. ಕಲ್ಲಿನ ಹತ್ತಿರ, ಕಾಕಾನನ್ನು ಮುತ್ಯಾ ಎಂದು ಕರೆಯುವ ವಯಸ್ಸಿನ ಇಬ್ಬರು ಹುಡುಗಿಯರು ಆಡುತ್ತಿದ್ದರು. ದೊಡ್ಡವಳು ತಂಗಿಯ ರಟ್ಟೆ ಹಿಡಿದೆಳೆದಳು.

"ಏ, ಅದರ ಮ್ಯಾಲೆ ಹತ್ತಬ್ಯಾಡ! ಒಳಗ ಅಜ್ಜಿ ಬಾಜೂಕ ಮುತ್ಯಾ ಕುಂತಾನ, ಬ್ಯಾಟರಿ ಹಚ್ಕೊಂಡು!"

ತಂಗಿ ದೂರ ಓಡಿ ನಿಂತಳು. ಬಿ.ಎ. ಪಾಸಾದ ನಾನು ಏನನ್ನೂ ತಿದ್ದಲಿಲ್ಲ. ನನ್ನ ಕಾಕಾ ಈಗ ಆ ಕಥೆಯಲ್ಲಷ್ಟೇ ಇದ್ದಾನೆ. ಅಲ್ಲಿಂದಲೂ ಅವನನ್ನು ತೆಗೆಯಲು ನನಗೆ ಧೈರ್ಯ ಬರಲಿಲ್ಲ.