ಹಿಂದಿನ ಡಬ್ಬಿ

ಜೇವರ್ಗಿ, ಆಳಂದ ಕಡೆಯ ಮದುವೆಗಳ ಫೋಟೋ ತೆಗೆದು ಹೊಟ್ಟೆ ಹೊರೆಯುವವಳು ನಾನು. ಆದರೆ ಮನಸ್ಸಿಟ್ಟು ತೆಗೆದದ್ದು ಡೀಸೆಲ್ ಗೂಡ್ಸ್ ಗಾಡಿಗಳನ್ನು. ಅಫಜಲಪುರ ತಾಲೂಕಿನ ನಮ್ಮೂರಿನ ಹೊರಗೆ, ತೊಗರಿ ಹೊಲಗಳ ನಡುವೆ, ಕಲ್ಲಿನ ಖಣಿಗೆ ಹೋಗುವ ಒಂಟಿ ಹಳಿ ಇತ್ತು. ಅಲ್ಲಿಯ ಗೇಟ್ ಕಾಯುತ್ತಿದ್ದವರು ನಮ್ಮಪ್ಪ. ಹೊಗೆ ಉಗುಳುತ್ತ ಇಂಜಿನ್ ತಿರುವು ದಾಟಿ ಬಂದರೆ ನನಗೆ ಮೈಮೇಲೆ ಎಚ್ಚರ ಇರುತ್ತಿರಲಿಲ್ಲ. “ಮದಿ ಫೋಟೋ ತೆಗಿಯಾಕಿ, ಕಡೀಕ ಗೂಡ್ಸಿಗೇ ಮಾಲಿ ಹಾಕ್ತಾಳ ನೋಡ್ರಿ,” ಎಂದು ಪಕ್ಕದ ಮನೆಯ ಕಾಕು ನಗುತ್ತಿದ್ದರು. ಹಾಕಿದರೆ ನಿಮಗೇನು ಖರ್ಚು ಎನ್ನುತ್ತಿದ್ದೆ.

ಮುಖ್ಯ ಲೈನಿಗೆ ಕರೆಂಟ್ ಬಂತು, ಖಣಿ ಮುಚ್ಚಿತು, ಅಪ್ಪ ನಿವೃತ್ತರಾದರು. ಕೊನೆಗೆ ಹಳಿಯನ್ನೂ ಕಿತ್ತು ಲಾರಿಗೆ ಹೇರಿಕೊಂಡು ಹೋದರು. ಅದನ್ನು ಅಪ್ಪನ ತಲೆ ಮಾತ್ರ ಒಪ್ಪಲಿಲ್ಲ. ಮರೆವು ಹತ್ತಿದ ಮೇಲೆ ಒಂದು ಬೆಳಗ್ಗೆ ಹಳೆಯ ಹಸಿರು ಬಾವುಟ ಹಿಡಿದು ಗೇಟಿದ್ದ ಜಾಗಕ್ಕೆ ಹೋಗಿ ನಿಂತರು. ಅಂದಿನಿಂದ ದಿನವೂ ಹಾಗೇ. ಬಿಸಿಲು ನೆತ್ತಿಗೇರಿದರೂ ನೀರು ಕುಡಿಯುವುದಿಲ್ಲ, ಕೈ ಹಿಡಿದು ಎಳೆದರೆ ಹೊಡೆಯಲು ಬರುತ್ತಾರೆ. ಅಲ್ಲೇ ಕುಸಿದು ಬಿದ್ದು ದವಾಖಾನೆಯನ್ನೂ ಕಂಡರು. ಇನ್ನೊಂದು ಸಲ ಬಿದ್ದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು.

“ಗೂಡ್ಸ್ ಹೋಗಿಲ್ಲ ಬೇ, ಗೇಟ್ ಬಿಟ್ಟು ಹ್ಯಾಂಗ ಬರ್ಲಿ?” ಎನ್ನುತ್ತಾರೆ ಅಪ್ಪ.

ನನ್ನಲ್ಲಿ ಫೋಟೋಗಳಿಗೆ ಬರವೇ? ಚೀಲ ತುಂಬ ಹೊತ್ತೊಯ್ದು ತೋರಿಸಿದೆ. “ನೋಡಪಾ, ಗಾಡಿ ಹೋತು.”

“ಇಂಜಿನ್ ಹೋದ್ರ ಗಾಡಿ ಹೋದಂಗೇನು? ಹಿಂದಿನ ಡಬ್ಬಿ ಎಲ್ಲ್ಯದ?”

ಗೇಟ್ ಕಾಯುವವರ ರೂಢಿ ಅದು. ಗಾರ್ಡ್ ಕೂರುವ ಕೊನೆಯ ಡಬ್ಬಿಯನ್ನು, ಅದರ ಬೆನ್ನಿಗಿರುವ ಕೆಂಪು ಗುರುತನ್ನು ಕಣ್ಣಾರೆ ಕಂಡ ಮೇಲೆಯೇ ಗಾಡಿ ಪೂರ್ತಿ ದಾಟಿತು ಎಂದು ಅರ್ಥ. ನಡುವೆ ಕೊಂಡಿ ಕಳಚಿ ಅರ್ಧ ಗಾಡಿ ಹಿಂದೆಯೇ ಉಳಿದಿರಬಹುದಲ್ಲ.

ಮನೆಗೆ ಓಡಿ ಬಂದು ಪೆಟ್ಟಿಗೆ, ಕಂಪ್ಯೂಟರ್ ಎಲ್ಲ ಜಾಲಾಡಿದೆ. ಇಂಜಿನ್, ಇಂಜಿನ್, ಬರೀ ಇಂಜಿನ್. ಅದರ ಮೂತಿ ದಾಟುತ್ತಲೇ ಕ್ಯಾಮೆರಾ ಇಳಿಸಿಬಿಡುತ್ತಿದ್ದೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಹಿಂದಿನ ಡಬ್ಬಿ ಇಲ್ಲ. ಈಗ ತೆಗೆಯೋಣವೆಂದರೆ ಹಳಿಯೇ ಇಲ್ಲ. ಮುಖ್ಯ ಲೈನಿಗೆ ಹೋಗಿ ಬೇರೆ ಗಾಡಿಯ ಬೆನ್ನು ತೆಗೆದು ತಂದೆ. ಅದರಲ್ಲಿ ಗಾಡಿಯ ಮೇಲಿದ್ದ ಕರೆಂಟ್ ತಂತಿ ನೋಡಿ ಅಪ್ಪ, “ಇದು ನಮ್ಮ ಲೈನ್ ಅಲ್ಲ,” ಎಂದು ಬಿಸಾಡಿದರು. ಅಲ್ಲೇ ನೆಲಕ್ಕೆ ಕೂತು ಅತ್ತೆ. ಇಷ್ಟು ಫೋಟೋ ಇಟ್ಟುಕೊಂಡು ಅಪ್ಪನನ್ನು ನೆರಳಿಗೆ ಕರೆಯಲಾರದವಳಾದೆ.

ಆ ಮಧ್ಯಾಹ್ನ ಅವರ ಕಾಲು ನಡುಗತೊಡಗಿದವು. ಬೇರೆ ದಾರಿ ಕಾಣದೆ ನನ್ನ ಕೆಂಪು ಓಢಣಿಯನ್ನು ಬೆನ್ನಿಗೆ ಬಿಗಿದುಕೊಂಡು, ಹಳಿ ಕಿತ್ತ ಜಲ್ಲಿಯ ಮೇಲೆ ಅವರ ಮುಂದಿನಿಂದಲೇ ನಡೆದು ಹೋದೆ. ತಿರುವಿನಲ್ಲಿ ಜಾಲಿ ಮರೆಗೆ ನಿಂತು ಹಿಂದೆ ನೋಡಿದೆ. ಅಪ್ಪ ಬಾವುಟ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆ ಕಡೆ ಹೆಜ್ಜೆ ಹಾಕುತ್ತಿದ್ದರು.

ಓಢಣಿ ಬಿಚ್ಚಿ, ಹೊಲ ಬಳಸಿ ನಾನು ಮನೆ ಸೇರಿದಾಗ ರೊಟ್ಟಿ ಮುರಿಯುತ್ತ ಕುಳಿತಿದ್ದರು.

“ಇವತ್ತ ಗಾಡಿ ಭಾಳ ಸಾವಕಾಶ ಹೋತು ಬೇ,” ಎಂದರು. “ನಾಳಿಗೂ ಬರ್ತದೇನು?”

“ಬರ್ತದಪಾ,” ಎಂದೆ. “ದಿನಾ ಬರ್ತದ.”